ಒಣದ್ರಾಕ್ಷಿಯ ಪೆಟ್ಟಿಗೆ: ಫ್ರೆಸ್ನೋ ನಾಡಿನ ಒಂದು ಕಾಯಕದ ಇತಿಹಾಸ

ನಮ್ಮ ಮನೆಗಳಲ್ಲಿ, ಮಠಗಳಲ್ಲಿ ಪ್ರಸಾದವೆಂದು ಕೈಗೆ ಬರುವ ಕಲ್ಲುಸಕ್ಕರೆಯ ಜೊತೆಗೆ ನಾಲ್ಕು ಒಣದ್ರಾಕ್ಷಿಗಳಿರುವುದು ವಾಡಿಕೆ. ಅದನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುವಾಗ ಅದರ ಹಿಂದೆ ಎಷ್ಟು ಕೈಗಳ ದುಡಿಮೆ ಇದೆಯೆಂಬುದನ್ನು ನಾವು ಎಣಿಸುವುದಿಲ್ಲ. ಬಳ್ಳಿಯನ್ನು ನೆಟ್ಟವನ, ನೀರು ಹಾಯಿಸಿದವನ ಕಾಯಕವನ್ನು ನೆನೆಯುವವರು ಕೆಲವರಾದರೂ ಇದ್ದಾರು. ಆದರೆ ಒಣಗಿದ ಹಣ್ಣನ್ನು ಆರಿಸಿ, ತೂಗಿ, ಪೆಟ್ಟಿಗೆಗೆ ತುಂಬಿ, ಅದರ ಮೇಲೆ ಹೆಸರನ್ನು ಬರೆದು ದೂರದ ಊರುಗಳಿಗೆ ಕಳುಹಿಸಿದವರ ಕಾಯಕಕ್ಕೆ ಇತಿಹಾಸದಲ್ಲಿ ದೊರೆತಿರುವ ಸ್ಥಾನ ಅತ್ಯಲ್ಪ. ಬೆಳೆದವನಿಗೂ ಉಣ್ಣುವವನಿಗೂ ನಡುವೆ ಒಂದು ಪೆಟ್ಟಿಗೆಯಿದೆ. ಆ ಪೆಟ್ಟಿಗೆ ಯಾರ ಕೈಯಲ್ಲಿದೆಯೆಂಬುದರ ಮೇಲೆ ಬೆಳೆದವನ ಬಾಳು ನಿಂತಿದೆ. ಈ ಮಾತಿಗೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಫ್ರೆಸ್ನೋ ಪ್ರದೇಶದ ಇತಿಹಾಸಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ದುರ್ಲಭ. ಆ ಇತಿಹಾಸವನ್ನು ಸಂಗ್ರಹವಾಗಿ ನಿರೂಪಿಸಿ, ಕಾಯಕ ತತ್ತ್ವದ ಬೆಳಕಿನಲ್ಲಿ ಅದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೆಲ ಮತ್ತು ನೀರು

ಕ್ಯಾಲಿಫೋರ್ನಿಯಾದ ಮಧ್ಯಭಾಗದಲ್ಲಿ ಸ್ಯಾನ್ ವಾಕಿನ್ ಎಂಬ ವಿಶಾಲವಾದ ಕಣಿವೆಯಿದೆ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಅದೂ ಅಲ್ಪ ಪ್ರಮಾಣದಲ್ಲಿ. ಬೇಸಗೆ ದೀರ್ಘವಾದುದು, ಶುಷ್ಕವಾದುದು. 1872ರಲ್ಲಿ ಸೆಂಟ್ರಲ್ ಪೆಸಿಫಿಕ್ ರೈಲುಮಾರ್ಗ ಈ ಬಯಲನ್ನು ಹಾದುಹೋದಾಗ ಫ್ರೆಸ್ನೋ ಎಂಬ ನಿಲ್ದಾಣ ಏರ್ಪಟ್ಟಿತು. ಅದೇ ಕಾಲದಲ್ಲಿ ಮೋಸೆಸ್ ಚರ್ಚ್ ಎಂಬಾತನು ಕಿಂಗ್ಸ್ ನದಿಯ ನೀರನ್ನು ಕಾಲುವೆಗಳ ಮೂಲಕ ಈ ಬಯಲಿಗೆ ತಂದನು. ರೈಲು ಮತ್ತು ಕಾಲುವೆ ಎರಡೂ ಕೂಡಿದ ಮೇಲೆ ಬರಡು ಭೂಮಿಗೆ ಬೆಲೆ ಬಂದಿತು. 1875ರಲ್ಲಿ ಸೆಂಟ್ರಲ್ ಕ್ಯಾಲಿಫೋರ್ನಿಯಾ ಕಾಲೊನಿ ಎಂಬ ಹೆಸರಿನಲ್ಲಿ ಅಲ್ಲಿಯ ಭೂಮಿಯನ್ನು ತಲಾ 20 ಎಕರೆಗಳ 192 ತುಂಡುಗಳಾಗಿ ವಿಂಗಡಿಸಿ ಮಾರಲಾಯಿತು. ದೊಡ್ಡ ಜಮೀನ್ದಾರಿಕೆಯ ಆ ನಾಡಿನಲ್ಲಿ ಸಾಮಾನ್ಯ ಮನುಷ್ಯನೂ ಕಂತುಗಳಲ್ಲಿ ಹಣ ಕಟ್ಟಿ ಭೂಮಿಯ ಒಡೆಯನಾಗುವುದಕ್ಕೆ ಇದರಿಂದ ದಾರಿಯಾಯಿತು.

ಅಂದು ಅಮೆರಿಕದ ಪೇಟೆಗಳಲ್ಲಿ ಒಣದ್ರಾಕ್ಷಿಯೆಂದರೆ ಸ್ಪೇನ್ ದೇಶದ ಮಾಲಗ, ವೆಲೆನ್ಸಿಯಾಗಳಿಂದ ಹಡಗಿನಲ್ಲಿ ಬಂದ ಸರಕು. 1873ರ ಬಿರುಬಿಸಿಲಿನಲ್ಲಿ ಫ್ರಾನ್ಸಿಸ್ ಐಸೆನ್ ಎಂಬ ಬೆಳೆಗಾರನ ದ್ರಾಕ್ಷಿ ಬಳ್ಳಿಯಲ್ಲಿಯೇ ಒಣಗಿಹೋಯಿತೆಂದೂ, ಸ್ಯಾನ್ ಫ್ರಾನ್ಸಿಸ್ಕೋದ ಕಿರಾಣಿ ವ್ಯಾಪಾರಿಯೊಬ್ಬನು ಅದನ್ನು ಪೆರು ದೇಶದಿಂದ ಬಂದ ವಿಶೇಷ ತಿನಿಸೆಂದು ಹೇಳಿ ಮಾರಿದನೆಂದೂ ಆ ಪ್ರದೇಶದಲ್ಲಿ ಒಂದು ಐತಿಹ್ಯವುಂಟು. ಐತಿಹ್ಯವಾದರೂ ಇದು ಅರ್ಥಪೂರ್ಣವಾಗಿದೆ. ಸ್ವಂತ ನೆಲದ ಹಣ್ಣು ಪರದೇಶದ ಹೆಸರಿನಲ್ಲಿ ಮಾರಾಟವಾಗಬೇಕಾಯಿತೆಂಬ ಈ ಕಥೆಯಲ್ಲಿ, ಹಣ್ಣಿಗಿಂತ ಹೆಸರಿಗೆ ಬೆಲೆ ಹೆಚ್ಚೆಂಬ ವ್ಯಾಪಾರದ ಸತ್ಯ ಅಡಗಿದೆ.

ನಾಲ್ವರು ಶಿಕ್ಷಕಿಯರು

ಈ ಕಾಲೊನಿಯಲ್ಲಿ ಭೂಮಿ ಕೊಂಡವರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ನಾಲ್ವರು ಶಾಲಾ ಶಿಕ್ಷಕಿಯರಿದ್ದರೆಂಬುದು ಗಮನಾರ್ಹ. ಅವರಲ್ಲಿ ಪ್ರಮುಖಳಾದವಳು ಮಿನ್ನಿ ಆಸ್ಟಿನ್. ಆಕೆಯ ಜೊತೆಗಾತಿ ಲೂಸಿ ಹ್ಯಾಚ್. ತಮ್ಮ ಸಂಬಳದಲ್ಲಿ ಉಳಿಸಿದ ಹಣವನ್ನು ಒಟ್ಟುಗೂಡಿಸಿ ಅವರು 20 ಎಕರೆಗಳ ಐದು ತುಂಡುಗಳನ್ನು, ಎಂದರೆ 100 ಎಕರೆ ಭೂಮಿಯನ್ನು ಪಡೆದರು. ತೋಟಕ್ಕೆ ಹೆಡ್ಜ್‌ರೋ ಎಂದು ಹೆಸರಿಟ್ಟರು. ಹೆಣ್ಣುಮಕ್ಕಳು ಸ್ವತಂತ್ರವಾಗಿ ಬೇಸಾಯಕ್ಕಿಳಿಯುವುದು ಅಂದಿನ ಅಮೆರಿಕದಲ್ಲಿಯೂ ಸಾಮಾನ್ಯ ಸಂಗತಿಯಾಗಿರಲಿಲ್ಲ.

ಆಸ್ಟಿನಳ ಹಿರಿಮೆ ದ್ರಾಕ್ಷಿ ಬೆಳೆದುದರಲ್ಲಿ ಮಾತ್ರ ಇಲ್ಲ. ಬೆಳೆದುದನ್ನು ತಾನೇ ಒಣಗಿಸಿ, ತಾನೇ ಪೆಟ್ಟಿಗೆ ಕಟ್ಟಿ, ತನ್ನದೇ ಹೆಸರಿನಲ್ಲಿ ಪೇಟೆಗೆ ಕಳುಹಿಸಿದುದರಲ್ಲಿದೆ. 1878ರಲ್ಲಿ ಆ ತೋಟದಿಂದ ಹೊರಬಂದುದು ಕೇವಲ 30 ಪೆಟ್ಟಿಗೆ. 1886ರ ವೇಳೆಗೆ ಅದು 7,500 ಪೆಟ್ಟಿಗೆಗಳಿಗೆ ಏರಿತು. ಪೆಟ್ಟಿಗೆಯೊಂದಕ್ಕೆ ರೂಢಿಯ 20 ಪೌಂಡುಗಳೆಂದು ಲೆಕ್ಕ ಹಿಡಿದರೆ, ಎಂಟು ವರ್ಷಗಳ ಅವಧಿಯಲ್ಲಿ 600 ಪೌಂಡುಗಳ ಉತ್ಪನ್ನ ಒಂದೂವರೆ ಲಕ್ಷ ಪೌಂಡುಗಳಾಯಿತೆಂದು ತಿಳಿಯುತ್ತದೆ. 1889ರಲ್ಲಿ ಆಕೆ ತೀರಿಕೊಂಡಳು. ಫ್ರೆಸ್ನೋ ನಾಡಿನಲ್ಲಿ ಒಣದ್ರಾಕ್ಷಿಯ ಪ್ಯಾಕಿಂಗ್ ಉದ್ಯಮಕ್ಕೆ ಅಡಿಗಲ್ಲನ್ನಿಟ್ಟವರ ಸಾಲಿನಲ್ಲಿ ಈ ಶಿಕ್ಷಕಿಗೆ ಮೊದಲ ಮಣೆ ಸಲ್ಲಬೇಕಾದುದು ನ್ಯಾಯ.

ಪೆಟ್ಟಿಗೆಯ ಮುಖ

ಅಂದಿನ ಪ್ಯಾಕಿಂಗ್ ಕಾರ್ಯದ ಸ್ವರೂಪವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅವಶ್ಯ. ಆಗ ಒಣಗಿಸುತ್ತಿದ್ದುದು ಬೀಜವಿರುವ ಮಸ್ಕಟ್ ಜಾತಿಯ ದೊಡ್ಡ ದ್ರಾಕ್ಷಿ. ಆಗಸ್ಟ್ ತಿಂಗಳ ಕೊನೆಯಿಂದ ಗೊಂಚಲುಗಳನ್ನು ಕೊಯ್ದು, ಎರಡು ಅಡಿ ಅಗಲ ಮೂರು ಅಡಿ ಉದ್ದದ ಮರದ ತಟ್ಟೆಗಳ ಮೇಲೆ ಒಂದೇ ಪದರವಾಗಿ ಹರಡಿ, ಬಳ್ಳಿಯ ಸಾಲುಗಳ ನಡುವೆಯೇ ಬಿಸಿಲಿಗೆ ಇಡುತ್ತಿದ್ದರು. ಒಂದು ಮೈ ಒಣಗಿದ ಮೇಲೆ ಬರಿದಾದ ತಟ್ಟೆಯೊಂದನ್ನು ಮೇಲೆ ಕವುಚಿ, ಇಬ್ಬರು ಹಿಡಿದು ಒಮ್ಮೆಲೇ ಮಗುಚಿದರೆ ಹಣ್ಣಿನ ಇನ್ನೊಂದು ಮೈ ಬಿಸಿಲಿಗೆ ಬರುತ್ತಿತ್ತು. ಎರಡು ಮೂರು ವಾರಗಳಲ್ಲಿ ನಾಲ್ಕು ಪೌಂಡುಗಳಿಗೂ ಮೀರಿದ ಹಸಿ ಹಣ್ಣು ಒಂದು ಪೌಂಡು ಒಣದ್ರಾಕ್ಷಿಯಾಗುತ್ತಿತ್ತು. ಈ ನಡುವೆ ಸೆಪ್ಟೆಂಬರಿನಲ್ಲಿ ಅಕಾಲದ ಮಳೆ ಬಿದ್ದರೆ ವರ್ಷದ ದುಡಿಮೆಯೆಲ್ಲ ತಟ್ಟೆಯ ಮೇಲೆಯೇ ಕೊಳೆತುಹೋಗುವುದು.

ಒಣಗಿದ ಗೊಂಚಲುಗಳನ್ನು ಕೂಡಲೇ ಕಟ್ಟುವಂತಿರಲಿಲ್ಲ. ಕೆಲವು ಕಾಯಿ ಅತಿಯಾಗಿ ಒಣಗಿರುತ್ತಿದ್ದವು, ಕೆಲವು ಇನ್ನೂ ಹಸಿಯಾಗಿರುತ್ತಿದ್ದವು. ಆದುದರಿಂದ ಅವುಗಳನ್ನು ದೊಡ್ಡ ಪೆಟ್ಟಿಗೆಗಳಲ್ಲಿ ಪೇರಿಸಿ ಕೆಲವು ದಿನ ಮುಚ್ಚಿಡುತ್ತಿದ್ದರು. ಈ ಪೆಟ್ಟಿಗೆಗಳಿಗೆ ಅಲ್ಲಿಯ ಮಾತಿನಲ್ಲಿ ಬೆವರಿನ ಪೆಟ್ಟಿಗೆಯೆಂದೇ ಹೆಸರು. ಒಳಗಿನ ತೇವ ಎಲ್ಲ ಹಣ್ಣುಗಳಿಗೂ ಸಮನಾಗಿ ಹಂಚಿಹೋಗಿ, ತೊಟ್ಟು ಮೆತ್ತಗಾಗಿ, ಗೊಂಚಲು ಉದುರದಂತಾಗುತ್ತಿತ್ತು. ಅನಂತರ ಆರಿಸುವ ಕೆಲಸ. ಉತ್ತಮವಾದ ಇಡೀ ಗೊಂಚಲುಗಳು ಒಂದು ಕಡೆಗೆ, ಉದುರಿದ ಬಿಡಿಹಣ್ಣು ಮತ್ತೊಂದು ಕಡೆಗೆ. ಮೇಲ್ತರಗತಿಯ ಪೆಟ್ಟಿಗೆಯಲ್ಲಿ ಐದೈದು ಪೌಂಡುಗಳ ನಾಲ್ಕು ಪದರಗಳನ್ನು ಕಾಗದದಲ್ಲಿ ಸುತ್ತಿ ಒಂದರ ಮೇಲೊಂದು ಜೋಡಿಸುತ್ತಿದ್ದರು. ಎಲ್ಲಕ್ಕಿಂತ ಮೇಲಿನ ಪದರಕ್ಕೆ ದಪ್ಪನಾದ, ಹೊಳಪಿನ ಹಣ್ಣುಗಳನ್ನು ಸಾಲುಸಾಲಾಗಿ ಕೂಡಿಸುವುದೇ ಒಂದು ಕುಶಲ ಕಲೆಯೆನಿಸಿತ್ತು. ಈ ಕೆಲಸದಲ್ಲಿ ತೊಡಗಿದ್ದವರು ಬಹುಮಟ್ಟಿಗೆ ಹೆಂಗಸರು.

ಮೇಲಿನ ಪದರಕ್ಕೆ ಪೆಟ್ಟಿಗೆಯ ಮುಖವೆಂಬ ಹೆಸರಿತ್ತು. ಕೊಳ್ಳುವವನು ಮುಚ್ಚಳ ತೆರೆದಾಗ ಕಾಣುವುದು ಮುಖ ಮಾತ್ರ. ಕೆಳಗಿನ ಮೂರು ಪದರಗಳು ಹೇಗಿವೆಯೆಂಬುದು ಕಟ್ಟಿದವರ ಮನಸ್ಸಾಕ್ಷಿಗೆ ಬಿಟ್ಟ ವಿಷಯ. ಅಂತರಂಗ ಬಹಿರಂಗಗಳೆರಡೂ ಒಂದೇ ಆಗಿರಬೇಕೆಂದು ಬಸವಾದಿ ಶರಣರು ಬೋಧಿಸಿದ ಶುದ್ಧಿ ಕೇವಲ ಪೂಜಾಗೃಹದ ಮಾತಲ್ಲ. ಅದು ಅಂಗಡಿಯ, ತಕ್ಕಡಿಯ, ಪೆಟ್ಟಿಗೆಯ ಮಾತೂ ಹೌದು. ಬುಟ್ಟಿ ಹೆಣೆದ ಮೇದಾರ ಕೇತಯ್ಯನನ್ನು ಶರಣಪಂಕ್ತಿಯಲ್ಲಿ ಕೂಡಿಸಿದ ಪರಂಪರೆ ನಮ್ಮದು. ತುಂಬುವ ಪಾತ್ರೆಯನ್ನು ಮಾಡುವವನ ಕಾಯಕವೂ ಬೆಳೆಯುವವನ ಕಾಯಕದಷ್ಟೇ ಹಿರಿದೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ಬೆಳೆದವರೇ ಕಟ್ಟಿ, ಕಟ್ಟಿದವರೇ ತಮ್ಮ ಹೆಸರನ್ನು ಅಂಟಿಸಿದಲ್ಲಿ ಪೆಟ್ಟಿಗೆಯ ಮುಖಕ್ಕೂ ಒಡಲಿಗೂ ಒಬ್ಬರೇ ಹೊಣೆ. ಆಸ್ಟಿನಳ ಪೆಟ್ಟಿಗೆ ಅಂಥದು.

ಬೆಳೆದವನು ಬೇರೆ, ಕಟ್ಟುವವನು ಬೇರೆ

ಈ ವ್ಯವಸ್ಥೆ ಬಹುಕಾಲ ನಿಲ್ಲಲಿಲ್ಲ. ಉತ್ಪನ್ನ ಬೆಳೆದಂತೆ ಪ್ಯಾಕಿಂಗ್ ಕಾರ್ಯ ತೋಟವನ್ನು ಬಿಟ್ಟು ರೈಲುನಿಲ್ದಾಣದ ಬಳಿಯ ಕಾರ್ಖಾನೆಗಳಿಗೆ ಹೋಯಿತು. ತೊಟ್ಟು ಬಿಡಿಸುವ, ಗಾತ್ರ ವಿಂಗಡಿಸುವ ಯಂತ್ರಗಳು ಬಂದವು. 19ನೆಯ ಶತಮಾನ ಮುಗಿಯುವ ವೇಳೆಗೆ ಮಸ್ಕಟ್ ಹಣ್ಣಿನ ಬೀಜ ತೆಗೆಯುವ ಯಂತ್ರವೂ ಬಳಕೆಗೆ ಬಂದಿತು. ಇವನ್ನು ಕೊಳ್ಳುವ ಶಕ್ತಿ 20 ಎಕರೆಯ ಒಕ್ಕಲಿಗನಿಗೆಲ್ಲಿಯದು? ಅವನು ಒಣಗಿಸಿದ ಹಣ್ಣನ್ನು ಬೆವರಿನ ಪೆಟ್ಟಿಗೆಯಲ್ಲಿಯೇ ಕಾರ್ಖಾನೆಗೆ ಒಪ್ಪಿಸಿ, ಅವರು ಹೇಳಿದ ದರ್ಜೆಯನ್ನೂ ಕೊಟ್ಟ ಬೆಲೆಯನ್ನೂ ಒಪ್ಪಿಕೊಳ್ಳತೊಡಗಿದನು. ಅನೇಕ ವೇಳೆ ಬೆಲೆಯೂ ನಿಶ್ಚಯವಿಲ್ಲ. ಹಣ್ಣು ದೂರದ ಪೇಟೆಯಲ್ಲಿ ಮಾರಾಟವಾದ ಮೇಲೆ ಬಾಡಿಗೆ, ಕೂಲಿ, ದಲ್ಲಾಳಿ ಕಳೆದು ಉಳಿದುದು ಅವನ ಪಾಲು.

1890ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಒಣದ್ರಾಕ್ಷಿ ಅಮೆರಿಕದ ಪೇಟೆಯಿಂದ ಸ್ಪೇನಿನ ಸರಕನ್ನು ಹಿಂದಕ್ಕೆ ತಳ್ಳಿತು. ಆದರೆ ಅದೇ ದಶಕದಲ್ಲಿ ದೇಶವ್ಯಾಪಿಯಾದ ಆರ್ಥಿಕ ಮುಗ್ಗಟ್ಟು ಬಂದು ಬೆಲೆ ಕುಸಿಯಿತು. ಬೆಳೆ ಗೆದ್ದಿತು, ಬೆಳೆಗಾರ ಸೋತನು. ಬಳ್ಳಿಗಳನ್ನು ಕಿತ್ತು ಹಾಕಿದವರೂ ಉಂಟು.

ಈ ಸ್ಥಿತಿಯಲ್ಲಿ 1898ರಲ್ಲಿ ಮಾರ್ಟಿನ್ ಥಿಯೊಡೋರ್ ಕರ್ನಿ ಎಂಬ ಶ್ರೀಮಂತ ಭೂಮಾಲೀಕನ ಮುಂದಾಳ್ತನದಲ್ಲಿ ಬೆಳೆಗಾರರ ಸಂಘವೊಂದು ಸ್ಥಾಪಿತವಾಯಿತು. ಬಹುಪಾಲು ಬೆಳೆಗಾರರು ಸೇರಿದರು. ಮೊದಮೊದಲು ಬೆಲೆಯೂ ಏರಿತು. ಆದರೆ ಸಂಘದ ಬಳಿ ಹಣ್ಣಿತ್ತೇ ಹೊರತು ಪೆಟ್ಟಿಗೆ ಇರಲಿಲ್ಲ. ಪ್ಯಾಕಿಂಗ್ ಕಾರ್ಖಾನೆಗಳು ಪರರ ಸ್ವತ್ತಾಗಿದ್ದವು. ಸಂಘಕ್ಕೂ ಕಾರ್ಖಾನೆಯವರಿಗೂ ವಿರಸ ಬೆಳೆಯಿತು. ಕರ್ನಿಗೂ ಬೆಳೆಗಾರರಿಗೂ ಮನಸ್ತಾಪ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಸಂಘ ಶಿಥಿಲವಾಯಿತು. 1906ರಲ್ಲಿ ಕರ್ನಿ ಹಡಗಿನ ಪ್ರಯಾಣದಲ್ಲಿ ತೀರಿಕೊಂಡನು. ಕಟ್ಟುವ ಸಾಧನ ಕೈಯಲ್ಲಿಲ್ಲದೆ ಬೆಳೆದವರ ಒಗ್ಗಟ್ಟು ಬಾಳದೆಂಬ ಪಾಠವನ್ನು ಮಾತ್ರ ಆ ಸಂಘ ಬಿಟ್ಟುಹೋಯಿತು.

1912ರ ಸಂಸ್ಥೆ

ಆ ಪಾಠವನ್ನು ಕಲಿತವರು 1912ರಲ್ಲಿ ಕ್ಯಾಲಿಫೋರ್ನಿಯಾ ಅಸೋಸಿಯೇಟೆಡ್ ರೈಸಿನ್ ಕಂಪನಿ ಎಂಬ ಸಂಸ್ಥೆಯನ್ನು ಕಟ್ಟಿದರು. ಬೆಳೆಗಾರರಿಂದಲೂ ಊರಿನ ವರ್ತಕರಿಂದಲೂ ಷೇರು ಹಣ ಕೂಡಿಸಿ, ಬೆಳೆಗಾರರಿಂದ ಹಲವು ವರ್ಷಗಳ ಅವಧಿಗೆ ಒಪ್ಪಂದ ಬರೆಸಿಕೊಂಡು, ಹಣ್ಣನ್ನು ತಾವೇ ಕಟ್ಟಿ ತಾವೇ ಮಾರುವುದು ಅವರ ಯೋಜನೆ. ಅಧ್ಯಕ್ಷನಾಗಿ ವೈಲಿ ಗಿಫೆನ್ ದುಡಿದನು. 1915ರಲ್ಲಿ ಸನ್-ಮೇಡ್ ಎಂಬ ಮುದ್ರೆ ಹುಟ್ಟಿತು. ಸೂರ್ಯನಿಂದ ಆದುದು, ಸೂರ್ಯನ ಕನ್ಯೆ ಎಂಬ ಎರಡೂ ಅರ್ಥಗಳು ಆ ಇಂಗ್ಲಿಷ್ ಪದದ ಉಚ್ಚಾರದಲ್ಲಿ ಕೂಡಿವೆ. ಅದೇ ವರ್ಷ ಲೊರೇನ್ ಕಾಲೆಟ್ ಎಂಬ ತರುಣಿ ಕೆಂಪು ಕುಲಾವಿ ಧರಿಸಿ, ದ್ರಾಕ್ಷಿಯ ತಟ್ಟೆ ಹಿಡಿದು ಚಿತ್ರಕ್ಕೆ ನಿಂತಳು. ಆ ಚಿತ್ರವೇ ಪೆಟ್ಟಿಗೆಯ ಮೇಲಿನ ಮುದ್ರೆಯಾಗಿ ಲೋಕವಿಖ್ಯಾತವಾಯಿತು. 1983ರಲ್ಲಿ ಆಕೆ ನಿಧನಳಾದಳು. ಆಕೆಯ ಕುಲಾವಿ ಇಂದು ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹಾಲಯದ ಸ್ವತ್ತು.

ಸಂಸ್ಥೆಯ ಆರಂಭದ ದಿನಗಳು ಯಶಸ್ಸಿನ ದಿನಗಳು. ಚಿಕ್ಕ ಚಿಕ್ಕ ಪೊಟ್ಟಣಗಳಲ್ಲಿ ಹಣ್ಣನ್ನು ಕಟ್ಟಿ, ಪತ್ರಿಕೆಗಳಲ್ಲಿ ಜಾಹೀರಾತು ನೀಡಿ, ಹಬ್ಬದ ತಿನಿಸಾಗಿದ್ದ ಒಣದ್ರಾಕ್ಷಿಯನ್ನು ದಿನನಿತ್ಯದ ಆಹಾರವಾಗಿ ಮಾರ್ಪಡಿಸಿದರು. ಬೀಜರಹಿತವಾದ ಥಾಮ್ಸನ್ ಜಾತಿ ಕ್ರಮೇಣ ಮಸ್ಕಟ್ ಜಾತಿಯ ಸ್ಥಾನವನ್ನು ಆಕ್ರಮಿಸಿತು. ವಿಲಿಯಂ ಥಾಮ್ಸನ್ ಎಂಬ ಬೆಳೆಗಾರನು 1872ರಲ್ಲಿ ನ್ಯೂಯಾರ್ಕ್ ರಾಜ್ಯದ ಸಸ್ಯಾಗಾರವೊಂದರಿಂದ ತರಿಸಿದ ಕಡ್ಡಿಗಳಿಂದ ಬೆಳೆದ ಬಳ್ಳಿ ಅದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೇಡಿಕೆ ಹೆಚ್ಚಿತು. 1920ರಲ್ಲಿ ಪಾನನಿರೋಧ ಜಾರಿಗೆ ಬಂದ ಮೇಲೂ ದ್ರಾಕ್ಷಿಯ ಬೆಲೆ ಇಳಿಯುವುದಕ್ಕೆ ಬದಲಾಗಿ ಏರಿತು.

ಒಗ್ಗಟ್ಟು ಮತ್ತು ಒತ್ತಾಯ

ಇಲ್ಲಿಯವರೆಗಿನ ಕಥೆಯನ್ನು ಕೇಳಿದವರು ಇದನ್ನು ಸಹಕಾರ ತತ್ತ್ವದ ನಿಷ್ಕಳಂಕ ವಿಜಯವೆಂದು ಭಾವಿಸಬಹುದು. ಇತಿಹಾಸಕಾರನು ಅಷ್ಟಕ್ಕೆ ನಿಲ್ಲುವಂತಿಲ್ಲ. ಈ ಸಂಸ್ಥೆಯ ಬಲವೆಲ್ಲ ಒಪ್ಪಂದದ ಸಹಿಗಳಲ್ಲಿತ್ತು. ಬಹುಪಾಲು ಬೆಳೆಗಾರರು ಸೇರಿದರೆ ಮಾತ್ರ ಬೆಲೆ ನಿಲ್ಲುವುದು. ಹೊರಗುಳಿದವನು ಇತರರ ಒಗ್ಗಟ್ಟಿನಿಂದ ಏರಿದ ಬೆಲೆಯ ಲಾಭವನ್ನು ತಾನು ಏನನ್ನೂ ತೆರದೆ ಪಡೆಯುವನು. ಆದುದರಿಂದ ಸಹಿ ಹಾಕದವನ ಮೇಲೆ ರೋಷ ಹುಟ್ಟಿತು. ಒಪ್ಪಂದಗಳನ್ನು ಬರೆಸುವ ಚಳವಳಿಯ ದಿನಗಳಲ್ಲಿ ರಾತ್ರಿಯ ವೇಳೆ ಗುಂಪುಗಳು ಹೊರಟು ಸಹಿ ಹಾಕದವರ ಮನೆಗಳಿಗೆ ಹೋಗಿ ಬೆದರಿಸಿದವು, ಬಳ್ಳಿಗಳನ್ನು ಕಡಿದವು, ಬೆಂಕಿಯಿಟ್ಟವು. ಈ ಹಾವಳಿಗೆ ಹೆಚ್ಚಾಗಿ ತುತ್ತಾದವರು ವಲಸೆ ಬಂದ ಜನ. ಆಟೊಮನ್ ಸಾಮ್ರಾಜ್ಯದ ಹತ್ಯಾಕಾಂಡಗಳಿಂದ ಪಾರಾಗಿ ಬಂದು ಫ್ರೆಸ್ನೋದಲ್ಲಿ ಬೇರುಬಿಟ್ಟಿದ್ದ ಆರ್ಮೇನಿಯನರು ಮತ್ತು ಜಪಾನೀಯರು ಅವರಲ್ಲಿ ಮುಖ್ಯರು.

ಆ ತೋಟಗಳಲ್ಲಿ ಹಣ್ಣು ಕೊಯ್ದ ಕೈಗಳು ಯಾರವು ಎಂಬುದನ್ನೂ ನೆನೆಯಬೇಕು. ಮೊದಲು ಚೀನೀಯರು, ಅನಂತರ ಜಪಾನೀಯರು, 20ನೆಯ ಶತಮಾನದ ಮೊದಲ ದಶಕದಿಂದ ನಮ್ಮ ದೇಶದ ಪಂಜಾಬಿ ರೈತರೂ ಅಲ್ಲಿ ಕೂಲಿ ಮಾಡಿದರು. 1913ರ ಕ್ಯಾಲಿಫೋರ್ನಿಯಾದ ಶಾಸನವು ಪೌರತ್ವಕ್ಕೆ ಅರ್ಹರಲ್ಲದ ವಿದೇಶೀಯರು ಕೃಷಿಭೂಮಿಯನ್ನು ಹೊಂದುವುದನ್ನು ನಿಷೇಧಿಸಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತ ಮೇಲೆ ಆ ಶಾಸನದ ಹೊಡೆತ ಅವರಿಗೂ ತಗುಲಿತು. ಸೂರ್ಯಕನ್ಯೆಯ ನಗುಮುಖವನ್ನು ಹೊತ್ತ ಪೆಟ್ಟಿಗೆಯ ಕೆಳಗಿನ ಪದರಗಳಲ್ಲಿ ಈ ಸಂಗತಿಗಳೂ ಅಡಗಿದ್ದವು.

1920ರಲ್ಲಿ ಸರ್ಕಾರವು ಈ ಸಂಸ್ಥೆ ವ್ಯಾಪಾರದ ಏಕಸ್ವಾಮ್ಯವನ್ನು ಸ್ಥಾಪಿಸುತ್ತಿದೆಯೆಂದು ಮೊಕದ್ದಮೆ ಹೂಡಿತು. 1922ರಲ್ಲಿ ಅದು ರಾಜಿಯ ತೀರ್ಪಿನಲ್ಲಿ ಮುಗಿಯಿತು. ಅದೇ ವರ್ಷ ಬೆಳೆಗಾರರ ಸಹಕಾರ ಸಂಘಗಳಿಗೆ ರಕ್ಷಣೆ ನೀಡುವ ಕ್ಯಾಪರ್-ವೋಲ್ಸ್ಟೆಡ್ ಶಾಸನ ಜಾರಿಗೆ ಬಂದಿತು. ಆದರೆ ಸಂಸ್ಥೆಯನ್ನು ಕೆಡವಿದುದು ನ್ಯಾಯಾಲಯವಲ್ಲ, ಅತ್ಯಾಶೆ. ಏರಿದ ಬೆಲೆಯನ್ನು ಕಂಡು ಎಲ್ಲೆಡೆ ಹೊಸ ಬಳ್ಳಿಗಳನ್ನು ನೆಟ್ಟಿದ್ದರು. ಸಾಲ ಮಾಡಿ ಭೂಮಿ ಕೊಂಡಿದ್ದರು. ಆ ಬಳ್ಳಿಗಳೆಲ್ಲ ಫಲ ಕೊಡುವ ವೇಳೆಗೆ ಬೆಲೆ ಪಾತಾಳಕ್ಕಿಳಿಯಿತು. 1923ರಲ್ಲಿ ಸಂಸ್ಥೆ ದಿವಾಳಿಯ ಅಂಚಿಗೆ ಬಂದು, ಲಾಭರಹಿತ ಸಹಕಾರ ಸಂಘವಾಗಿ ಪುನರ್ರಚಿತವಾಯಿತು. ಆ ಸಂಘ ಇಂದಿಗೂ ಬೆಳೆಗಾರರ ಸ್ವತ್ತಾಗಿಯೇ ಉಳಿದಿದೆ. 1964ರಲ್ಲಿ ಅದು ತನ್ನ ನೆಲೆಯನ್ನು ಫ್ರೆಸ್ನೋದ ಸಮೀಪದ ಕಿಂಗ್ಸ್‌ಬರ್ಗ್‌ಗೆ ಬದಲಿಸಿತು.

ಒತ್ತಾಯದ ಪ್ರಶ್ನೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. 1949ರಲ್ಲಿ ಕೇಂದ್ರ ಸರ್ಕಾರದ ಮಾರುಕಟ್ಟೆ ಆದೇಶವೊಂದು ಜಾರಿಗೆ ಬಂದಿತು. ಅದರಂತೆ ಬೆಳೆಯ ಒಂದು ಭಾಗವನ್ನು ಪೇಟೆಗೆ ಬಿಡದೆ ಮೀಸಲಾಗಿ ತೆಗೆದಿಡಬಹುದಾಗಿತ್ತು. 2002–03ರ ಬೆಳೆಯಲ್ಲಿ ಈ ಮೀಸಲು ಪಾಲು ನೂರಕ್ಕೆ 47ರಷ್ಟಾಯಿತು. ಇದನ್ನು ಪ್ರಶ್ನಿಸಿದ ಫ್ರೆಸ್ನೋ ಪ್ರದೇಶದ ಬೆಳೆಗಾರ ಕುಟುಂಬವೊಂದರ ಮೊಕದ್ದಮೆಯಲ್ಲಿ, ಪರಿಹಾರ ಕೊಡದೆ ಹಣ್ಣನ್ನು ಕಿತ್ತುಕೊಳ್ಳುವುದು ಸಂವಿಧಾನಕ್ಕೆ ವಿರುದ್ಧವೆಂದು 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು.

ನಮಗೆ ಇದರ ಸಂದೇಶ

ಥಾಮ್ಸನ್ ಬಳ್ಳಿ ನಮಗೆ ಅಪರಿಚಿತವಲ್ಲ. ವಿಜಯಪುರ ಜಿಲ್ಲೆಯ ತಿಕೋಟಾ, ಬೆಳಗಾವಿ ಜಿಲ್ಲೆಯ ಅಥಣಿ, ಬಾಗಲಕೋಟೆ ಜಿಲ್ಲೆಯ ಜಮಖಂಡಿ ಭಾಗಗಳಲ್ಲಿ ಇಂದು ಒಣದ್ರಾಕ್ಷಿಗಾಗಿ ಬೆಳೆಯುವ ದ್ರಾಕ್ಷಿ ಥಾಮ್ಸನ್ ಜಾತಿಯದು ಇಲ್ಲವೆ ಅದರಿಂದ ಕವಲೊಡೆದ ತಾಸ್-ಎ-ಗಣೇಶ, ಸೋನಾಕಾ, ಮಾಣಿಕ ಚಮನ್ ಮೊದಲಾದ ತಳಿಗಳದು. ಇಲ್ಲಿ ಹಣ್ಣನ್ನು ನೆಲದ ಮೇಲಿನ ತಟ್ಟೆಗಳಲ್ಲಿ ಒಣಗಿಸುವುದಿಲ್ಲ. ದ್ರಾವಣದಲ್ಲಿ ಅದ್ದಿ, ಶೆಡ್ಡಿನ ನೆರಳಿನಲ್ಲಿ ಜಾಳಿಗೆಯ ಅಂತಸ್ತುಗಳ ಮೇಲೆ ಒಣಗಿಸುತ್ತಾರೆ. ವಿಧಾನ ಬೇರೆಯಾದರೂ ಕಷ್ಟ ಒಂದೇ. ಅಕಾಲದ ಮಳೆ, ಸಾಲ, ಶೈತ್ಯಾಗಾರದ ಬಾಡಿಗೆ, ಪೇಟೆಯ ಬೆಲೆ ಇವು ನಾಲ್ಕೂ ಇಲ್ಲಿಯ ಬೆಳೆಗಾರನನ್ನು ಕಾಡುತ್ತವೆ. ಬಹಳಷ್ಟು ಮಾಲು ತಾಸಗಾಂವ್, ಸಾಂಗಲಿಗಳ ಪೇಟೆಗೆ ಹೋಗಿ ಅಲ್ಲಿಯ ಹೆಸರಿನಲ್ಲಿ ಮಾರಾಟವಾಗುವುದುಂಟು. ಪೆರು ದೇಶದ ಹೆಸರಿನಲ್ಲಿ ಮಾರಿದ ಐಸೆನ್ನನ ದ್ರಾಕ್ಷಿಯ ಕಥೆ ಇಲ್ಲಿ ನೆನಪಾಗದಿರದು.

ಹಾಗಾದರೆ ಮಾಡಬೇಕಾದುದೇನು? ಸಹಕಾರದ ದಾರಿ ನಮಗೆ ಹೊರಗಿನಿಂದ ಬರಬೇಕಾಗಿಲ್ಲ. ಫ್ರೆಸ್ನೋದ ಸಂಸ್ಥೆ ಹುಟ್ಟುವುದಕ್ಕೆ ಏಳು ವರ್ಷ ಮೊದಲೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರ ಸಹಕಾರ ಸಂಘವನ್ನು ಸ್ಥಾಪಿಸಿದ್ದರು. ಅದು ಸಾಲದ ಸಂಘ, ಪೆಟ್ಟಿಗೆ ಕಟ್ಟುವ ಸಂಘವಲ್ಲ. ಆದರೆ ಪರಸ್ಪರ ವಿಶ್ವಾಸವೇ ಅದರ ಮೂಲಧನವಾಗಿತ್ತು. ಕರ್ನಿಯ ಸಂಘ ಕಲಿಸುವುದು ಸಾಧನವಿಲ್ಲದ ಒಗ್ಗಟ್ಟು ನಿಲ್ಲದೆಂದು. 1912ರ ಸಂಸ್ಥೆ ಕಲಿಸುವುದು ವಿಶ್ವಾಸವಿಲ್ಲದ ಒಗ್ಗಟ್ಟು ಬೆದರಿಕೆಗೆ ಇಳಿಯುವುದೆಂದು. ಎರಡನ್ನೂ ಬಲ್ಲವರು ಮಾತ್ರ ಬಾಳುವ ಸಂಘವನ್ನು ಕಟ್ಟಬಲ್ಲರು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ಸ್ಮರಿಸುವುದು ಉಚಿತ. ಪತಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಶರಣೆ ಆಕೆ. ಹೆಚ್ಚಾದುದು ಕಾಯಕದ ಫಲವಲ್ಲ, ಆಸೆಯ ಫಲವೆಂಬುದನ್ನು ಆಕೆ ಒಂದು ಹಿಡಿ ಅಕ್ಕಿಯಲ್ಲಿ ಕಂಡಳು. 1920ರ ಏರಿದ ಬೆಲೆಯನ್ನು ನಂಬಿ ಬಳ್ಳಿಯ ಮೇಲೆ ಬಳ್ಳಿ ನೆಟ್ಟ ಫ್ರೆಸ್ನೋದ ಬೆಳೆಗಾರರಿಗೆ ಅದನ್ನು ಕಾಣಲು 1923ರ ದಿವಾಳಿ ಬೇಕಾಯಿತು. ಆದರೆ ಒಕ್ಕಲಿಗನ ಅತ್ಯಾಶೆಯನ್ನಷ್ಟೇ ದೂಷಿಸಿ ಕೈತೊಳೆದುಕೊಳ್ಳುವುದೂ ಸಲ್ಲದು. ನ್ಯಾಯವಾದ ಬೆಲೆ ಕಾಣದೆ ವರ್ಷಗಟ್ಟಲೆ ಬೆಂದವನು ಒಮ್ಮೆ ಕಂಡ ಬೆಲೆಗೆ ಮರುಳಾಗುವುದು ಸಹಜ. ಕಾಯಕದೊಡನೆ ದಾಸೋಹವನ್ನು ಜೋಡಿಸಿದ ಶರಣರು ದುಡಿದವನು ಹಸಿದಿರಲಿ ಎಂದು ಹೇಳಿದವರಲ್ಲ.

ಮಿನ್ನಿ ಆಸ್ಟಿನಳ 30 ಪೆಟ್ಟಿಗೆಗಳು ಯಾರ ಮನೆಗಳನ್ನು ಸೇರಿದವೋ ತಿಳಿಯದು. ಅವುಗಳ ಮೇಲೆ ಬೆಳೆದವರ ಹೆಸರಿತ್ತು ಎಂಬುದೇ ಅವುಗಳ ಹಿರಿಮೆ. ವಿಜಯಪುರದ ಬಿಸಿಲಿನಲ್ಲಿ ಬೆಂದು ಹಣ್ಣನ್ನು ಒಣಗಿಸಿದ ಒಕ್ಕಲಿಗನ ಹೆಸರು ಅವನ ಪೆಟ್ಟಿಗೆಯ ಮೇಲೆ ಬರುವ ದಿನ, ಆ ಪೆಟ್ಟಿಗೆಯ ಮುಖದಂತೆಯೇ ಅದರ ಒಡಲೂ ಇರುವ ದಿನ, ನಮ್ಮ ಅಂಗೈಗೆ ಬರುವ ಆ ನಾಲ್ಕು ಒಣದ್ರಾಕ್ಷಿಗಳು ನಿಜವಾದ ಅರ್ಥದಲ್ಲಿ ಪ್ರಸಾದವಾದಾವು.